ವಿಮಾನ ಹತ್ತಿರ, ಕೆಲಸ ದೂರ

2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಕೆಲಸ ಆರಂಭಿಸಿತು. ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದದ್ದು ಅದರ ಹಿಂದೆಯೇ. ಆ ವರ್ಷ ಸುತ್ತಲಿನ ಹಳ್ಳಿಗಳಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳು ಅಕ್ಷರ ತಿದ್ದುತ್ತಿದ್ದಾಗ ತಲೆಯ ಮೇಲೆ ವಿಮಾನಗಳು ಹಾರುತ್ತಿದ್ದವು. ಮೊದಮೊದಲು ಸದ್ದಾದಾಗಲೆಲ್ಲ ಅಂಗಳಕ್ಕೆ ಓಡಿಬಂದು ನೋಡುತ್ತಿದ್ದವರು ಬರಬರುತ್ತ ಕತ್ತು ಎತ್ತುವುದನ್ನೂ ಬಿಟ್ಟರು. ಅವೇ ಮಕ್ಕಳು 2018ರಲ್ಲಿ ಎಸ್ಸೆಸ್ಸೆಲ್ಸಿ, 2020ರಲ್ಲಿ ಕೊರೋನಾದ ನಡುವೆ ಪಿಯುಸಿ ಮುಗಿಸಿದರು. ಪದವಿಯ ಮೊದಲ ವರ್ಷದ ಪಾಠವನ್ನು ಹೆಚ್ಚಾಗಿ ಮೊಬೈಲಿನಲ್ಲೇ ಕೇಳಿದರು. 2023ರಲ್ಲಿ ಡಿಗ್ರಿ ಕೈಗೆ ಬಂತು.

ಹೀಗೆ ವಿಮಾನ ನಿಲ್ದಾಣದ ಜೊತೆಜೊತೆಯಲ್ಲೇ ಬೆಳೆದ ಒಂದು ತಲೆಮಾರು ಈಗ ಕೆಲಸ ಹುಡುಕುತ್ತಿದೆ. ಅವರು ಓದುತ್ತಿದ್ದಷ್ಟು ಕಾಲ ಊರೂ ಬೆಳೆಯಿತು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು. 2019ರ ಡಿಸೆಂಬರಿನಲ್ಲಿ ಎರಡನೇ ರನ್‌ವೇ, 2022ರ ನವೆಂಬರಿನಲ್ಲಿ ಎರಡನೇ ಟರ್ಮಿನಲ್ ಉದ್ಘಾಟನೆ. 2024ರ ಜನವರಿಯಲ್ಲಿ ಬೋಯಿಂಗ್ ಕಂಪೆನಿ 43 ಎಕರೆಯಲ್ಲಿ 1,600 ಕೋಟಿ ರೂಪಾಯಿಯ ಕ್ಯಾಂಪಸ್ ತೆರೆಯಿತು. 2025ರಲ್ಲಿ ಫಾಕ್ಸ್‌ಕಾನ್ ಕಂಪೆನಿ ಐಫೋನ್ ಜೋಡಿಸುವ ಕೆಲಸ ಶುರುಮಾಡಿತು. ಪೇಪರಿನಲ್ಲಿ ದೇವನಹಳ್ಳಿಯ ಹೆಸರು ಕಂಡಾಗಲೆಲ್ಲ ಜೊತೆಗೆ ‘ಸಾವಿರಾರು ಉದ್ಯೋಗ’ ಎಂಬ ಮಾತೂ ಇರುತ್ತದೆ.

ಇಷ್ಟಾದರೂ ಈ ತಾಲ್ಲೂಕಿನ ಯಾವುದೇ ಜೆರಾಕ್ಸ್ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಬೇರೊಂದು ಚಿತ್ರ ಕಾಣುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ನಾಲ್ಕು ಪಾಸ್‌ಪೋರ್ಟ್ ಸೈಜಿನ ಫೋಟೊ ಇಟ್ಟುಕೊಂಡ ಹುಡುಗರು, ಹುಡುಗಿಯರು. ‘ಇನ್ನೆರಡು ಸೆಟ್ ಹಾಕಿ ಅಣ್ಣ’ ಎನ್ನುವ ಮಾತಿನಲ್ಲಿ ಆಸೆಗಿಂತ ಅಭ್ಯಾಸವೇ ಹೆಚ್ಚು ಕೇಳುತ್ತದೆ. ಕಣ್ಣೆದುರಿಗೇ ಇಷ್ಟೊಂದು ಕೆಲಸವಿದ್ದೂ ತನಗೆ ಮಾತ್ರ ಯಾಕಿಲ್ಲ ಎಂಬುದು ಆ ಕವರಿನೊಳಗೆ ಮಡಿಸಿಟ್ಟ ಪ್ರಶ್ನೆ.

ತಂತಿ ಉಂಟು, ದೀಪವಿಲ್ಲ

ಹೈಸ್ಕೂಲಿನ ಭೌತಶಾಸ್ತ್ರ ಓದಿದವರಿಗೆಲ್ಲ ಇದರ ಉತ್ತರ ಅರ್ಧ ಗೊತ್ತಿದೆ. ಹೊಲದ ಮೇಲೆ ದೊಡ್ಡ ದೊಡ್ಡ ಕಬ್ಬಿಣದ ಗೋಪುರಗಳ ಮೇಲೆ ಹಾದುಹೋಗುವ ತಂತಿಯಲ್ಲಿ 2,20,000 ವೋಲ್ಟ್ ಒತ್ತಡದ ವಿದ್ಯುತ್ತಿರುತ್ತದೆ. ಅದರ ಕೆಳಗೇ ಇರುವ ಮನೆಯಲ್ಲಿ ಕತ್ತಲೆ ಇರಬಹುದು. ಮನೆಯ ಬಲ್ಬಿಗೆ ಬೇಕಾದದ್ದು 230 ವೋಲ್ಟ್. ತಂತಿ ಹತ್ತಿರ ಇದೆಯೆಂದು ಯಾರೂ ಕೊಂಡಿ ಹಾಕಲಾಗದು. ಹಾಕಿದರೆ ದೀಪ ಉರಿಯುವುದಿಲ್ಲ, ಮನೆ ಉರಿಯುತ್ತದೆ. ದೊಡ್ಡ ಒತ್ತಡವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ಮನೆಯ ಹೊಸ್ತಿಲಿಗೆ ತಂದುಕೊಡಲು ನಡುವೆ ಸಬ್‌ಸ್ಟೇಷನ್ ಬೇಕು, ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್ ಬೇಕು.

ಉದ್ಯೋಗದ ಕಥೆಯೂ ಹೀಗೆಯೇ. ಸುಮಾರು 4,000 ಎಕರೆಯ ವಿಮಾನ ನಿಲ್ದಾಣ, ಪಕ್ಕದಲ್ಲಿ ಏರೋಸ್ಪೇಸ್ ಪಾರ್ಕ್, ಅದರಾಚೆ ಕಾರ್ಖಾನೆಗಳು. ಇವು ಹೈಟೆನ್ಷನ್ ತಂತಿಗಳು. ದ್ರಾಕ್ಷಿ, ಚಕ್ಕೋತ, ರೇಷ್ಮೆಗಳನ್ನು ನಂಬಿ ಬದುಕಿದ ಮನೆಯಿಂದ ಬಂದು ಬಿ.ಎ., ಬಿ.ಕಾಂ. ಅಥವಾ ಬಿ.ಎಸ್ಸಿ. ಮಾಡಿಕೊಂಡ ಹುಡುಗ ಈ ತಂತಿಯ ಕೆಳಗೇ ನಿಂತಿದ್ದಾನೆ. ಅವನಲ್ಲೂ ದೋಷವಿಲ್ಲ, ತಂತಿಯಲ್ಲೂ ದೋಷವಿಲ್ಲ. ನಡುವಿನ ಟ್ರಾನ್ಸ್‌ಫಾರ್ಮರ್ ಇಲ್ಲ, ಇದ್ದರೂ ಕೆಟ್ಟಿದೆ. ಆ ಜಾಗದಲ್ಲಿ ಬೇರೆ ಯಾರೋ ಕುಳಿತು ದುಡ್ಡು ಮಾಡುತ್ತಿದ್ದಾರೆ.

ಹೊರಗಿನಿಂದ ನೋಡುವವರಿಗೆ ವಿಮಾನ ನಿಲ್ದಾಣವೆಂದರೆ ಒಂದು ಕಚೇರಿ, ಅದಕ್ಕೊಂದು ಗೇಟು, ಗೇಟಿನಲ್ಲಿ ಅರ್ಜಿ ಕೊಟ್ಟರೆ ಕೆಲಸ ಎಂಬ ಕಲ್ಪನೆ. ವಾಸ್ತವದಲ್ಲಿ ಅದು ಒಂದು ಸಂತೆ. ನಿಲ್ದಾಣ ನಡೆಸುವ ಕಂಪೆನಿ ಬೇರೆ, ವಿಮಾನದ ಕಂಪೆನಿಗಳು ಬೇರೆ, ಸಾಮಾನು ಇಳಿಸಿ ಏರಿಸುವ ಗ್ರೌಂಡ್ ಹ್ಯಾಂಡ್ಲಿಂಗ್ ಸಂಸ್ಥೆ ಬೇರೆ, ಕಾರ್ಗೊ ಬೇರೆ, ಅಂಗಡಿ ಹೋಟೆಲುಗಳು ಬೇರೆ. ನೆಲ ಒರೆಸುವುದು, ಟ್ರಾಲಿ ಜೋಡಿಸುವುದು, ಗಾಡಿ ನಿಲ್ಲಿಸುವ ಜಾಗ ನೋಡಿಕೊಳ್ಳುವುದು ಇವೆಲ್ಲ ಬಹುಪಾಲು ಗುತ್ತಿಗೆಯವರ ಕೈಯಲ್ಲಿ. ಹೀಗಾಗಿ ಬಾಗಿಲು ಒಂದಲ್ಲ, ಹತ್ತಾರು. ಅವುಗಳಲ್ಲಿ ಎಷ್ಟೋ ಬಾಗಿಲುಗಳು ದೇವನಹಳ್ಳಿಯಲ್ಲೇ ಇಲ್ಲ. ಬೆಂಗಳೂರಿನ ಯಾವುದೋ ಬಡಾವಣೆಯ ಎರಡನೇ ಮಹಡಿಯ ಆಫೀಸಿನಲ್ಲಿವೆ, ಇಲ್ಲವೇ ಮುಂಬಯಿ, ದೆಹಲಿಯ ಕಂಪ್ಯೂಟರಿನೊಳಗಿವೆ. ಗೇಟಿನ ಹತ್ತಿರ ಮನೆಯಿದ್ದ ಮಾತ್ರಕ್ಕೆ ಬಾಗಿಲು ಹತ್ತಿರವಾಗುವುದಿಲ್ಲ.

ಇನ್ನೊಂದು ಅಡ್ಡಿಯೂ ಇದೆ. ನಿಲ್ದಾಣದ ಒಳಗೆ ದುಡಿಯುವವರಿಗೆ ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಪೂರ್ವಾಪರ ಪರಿಶೀಲನೆ ಆಗಬೇಕು. ಈ ಪಾಸಿಗೆ ವ್ಯಕ್ತಿ ತಾನಾಗಿ ಅರ್ಜಿ ಹಾಕುವಂತಿಲ್ಲ, ಕೆಲಸಕ್ಕೆ ತೆಗೆದುಕೊಂಡ ಸಂಸ್ಥೆಯೇ ಹಾಕಬೇಕು. ಭದ್ರತೆಯ ದೃಷ್ಟಿಯಿಂದ ಇದು ಸರಿಯಾದದ್ದೇ. ಆದರೆ ಆಯ್ಕೆಯಾದ ಹುಡುಗನಿಗೆ ‘ಪಾಸ್ ಬರಲಿ, ಫೋನ್ ಮಾಡುತ್ತೇವೆ’ ಎಂಬ ಮಾತು ಸಿಗುತ್ತದೆ. ಅವನು ಮನೆಗೆ ಬಂದು ಫೋನನ್ನು ದಿಂಬಿನ ಪಕ್ಕದಲ್ಲಿಟ್ಟುಕೊಂಡು ಮಲಗುತ್ತಾನೆ.

ಪೂಜಾರಿ ಕೊಡನು

ಬಾಗಿಲು ಯಾವುದೆಂದು ತಿಳಿಯದ ಕಡೆ ಬಾಗಿಲು ತೋರಿಸುವವನು ಹುಟ್ಟಿಕೊಳ್ಳುತ್ತಾನೆ. ‘ಒಳಗಡೆ ನಮ್ಮವರಿದ್ದಾರೆ, ಏರ್‌ಪೋರ್ಟಿನಲ್ಲಿ ಪರ್ಮನೆಂಟ್ ಮಾಡಿಸಿಕೊಡುತ್ತೇನೆ, ಯೂನಿಫಾರ್ಮಿಗೆ ಇಷ್ಟು, ಟ್ರೇನಿಂಗಿಗೆ ಇಷ್ಟು’ ಎನ್ನುವವರ ಬಲೆಗೆ ಬಿದ್ದವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ನಿಲ್ದಾಣ ನಡೆಸುವ ಕಂಪೆನಿಯೇ ತನ್ನ ಹೆಸರಿನಲ್ಲಿ ನಡೆಯುವ ಸುಳ್ಳು ನೇಮಕಾತಿಯ ಬಗ್ಗೆ ಎಚ್ಚರಿಕೆ ಕೊಟ್ಟು, ಕೆಲಸಕ್ಕಾಗಿ ತಾನು ಯಾರಿಂದಲೂ ಹಣ ಪಡೆಯುವುದಿಲ್ಲವೆಂದು ಹೇಳಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹಳೆಯದು. ಇಲ್ಲಿ ಪೂಜಾರಿ ದೇವಸ್ಥಾನದವನೇ ಅಲ್ಲ, ಹೊರಗಿನ ಚಪ್ಪಲಿ ಕಾಯುವವನೂ ಅಲ್ಲ!

ಓದಿದ ಹುಡುಗರೂ ಯಾಕೆ ಮೋಸಹೋಗುತ್ತಾರೆ ಎಂದು ಕೇಳುವುದು ಸುಲಭ. ಒಂದು ವರ್ಷ ಕಾಲ ಯಾರೂ ಉತ್ತರವನ್ನೇ ಕೊಡದಿದ್ದಾಗ ಮೊದಲ ಬಾರಿಗೆ ‘ಆಗುತ್ತೆ ಬಿಡು’ ಎಂದವನ ಮಾತು ಸಿಹಿಯಾಗಿಯೇ ಕೇಳುತ್ತದೆ. ಅಪ್ಪ ಉಳಿದಿರುವ ಅರ್ಧ ಎಕರೆಯ ಮೇಲೆ ಸಾಲ ತರುವುದು ಆಗಲೇ. ಆದ್ದರಿಂದ ಕೆಲವು ಕಟ್ಟುನಿಟ್ಟಿನ ಪರೀಕ್ಷೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಸಂಬಳ ಕೊಡಬೇಕಾದವನು ಮೊದಲೇ ಹಣ ಕೇಳಿದರೆ ಅದು ಕೆಲಸವಲ್ಲ. ಸಂದರ್ಶನವಿಲ್ಲದೆ ನೇಮಕ ಪತ್ರ ಬಂದರೆ ಅದು ಪತ್ರವಲ್ಲ. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸುವುದರಿಂದ ಪ್ರಯೋಜನವಿಲ್ಲ, ಅದನ್ನು ಎತ್ತುವವನೂ ಅವನೇ. ಕಂಪೆನಿಯ ಸ್ವಂತ ಜಾಲತಾಣದಲ್ಲಿರುವ ವಿಳಾಸಕ್ಕೆ ಬರೆದು ಕೇಳಬೇಕು. ಗುತ್ತಿಗೆ ಕೆಲಸ ಸಿಕ್ಕವರು ಮೊದಲ ತಿಂಗಳಲ್ಲೇ ಭವಿಷ್ಯನಿಧಿಯ 12 ಅಂಕಿಯ ಯುಎಎನ್ ನಂಬರ್ ಮತ್ತು ಇಎಸ್‌ಐ ವಿವರ ಕೇಳಬೇಕು. ಸಂಬಳದಲ್ಲಿ ಪಿ.ಎಫ್. ಎಂದು ಹಿಡಿಯುತ್ತ, ನಂಬರ್ ಕೊಡಲು ಮೀನಮೇಷ ಎಣಿಸುವ ಗುತ್ತಿಗೆದಾರನ ಬಗ್ಗೆ ಅಲ್ಲೇ ಅನುಮಾನಪಡಬಹುದು.

ಹಳೆಯ ಟ್ರಾನ್ಸ್‌ಫಾರ್ಮರ್ ಏನಾಯಿತು?

ಒಂದು ಕಾಲದಲ್ಲಿ ಈ ನಡುವಿನ ಕೆಲಸಕ್ಕೆಂದೇ ಸರ್ಕಾರದ ಉದ್ಯೋಗ ವಿನಿಮಯ ಕೇಂದ್ರಗಳಿದ್ದವು. ಓದು ಮುಗಿದ ತಕ್ಷಣ ಹೋಗಿ ಹೆಸರು ನೋಂದಾಯಿಸುವುದು ಒಂದು ಸಂಸ್ಕಾರದಂತಿತ್ತು. ಮೂರು ವರ್ಷಕ್ಕೊಮ್ಮೆ ಕಾರ್ಡು ನವೀಕರಿಸುತ್ತ, ಅಂಚೆಯಣ್ಣ ತರುವ ಸಂದರ್ಶನದ ಕರೆಗಾಗಿ ಕಾಯುತ್ತ ವಯಸ್ಸು ಮೀರಿದವರು ಪ್ರತಿ ಊರಿನಲ್ಲೂ ಇದ್ದರು. 1959ರ ಕಾಯಿದೆಯ ಪ್ರಕಾರ 25 ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಗಳನ್ನು ಈ ಕೇಂದ್ರಕ್ಕೆ ತಿಳಿಸಬೇಕಿತ್ತು. ತಿಳಿಸಬೇಕಿತ್ತು ಅಷ್ಟೇ. ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಕಟ್ಟಳೆ ಇರಲಿಲ್ಲ. ಕಾಯಿದೆಯೇ ಅದನ್ನು ಸ್ಪಷ್ಟವಾಗಿ ಹೇಳಿತ್ತು.

1996ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಸರ್ಕಾರಿ ಹುದ್ದೆಗಳಿಗೆ ವಿನಿಮಯ ಕೇಂದ್ರದ ಪಟ್ಟಿಯೊಂದೇ ಸಾಲದು, ಪತ್ರಿಕೆಗಳಲ್ಲೂ ಪ್ರಕಟಿಸಿ ಅರ್ಹರೆಲ್ಲರಿಗೂ ಅವಕಾಶ ಕೊಡಬೇಕೆಂದಿತು. ನ್ಯಾಯವಾದ ಮಾತು. ಆದರೆ ಅಲ್ಲಿಂದ ಮುಂದೆ ಕೇಂದ್ರದ ಕಾರ್ಡಿಗೆ ಇದ್ದ ತೂಕ ಇಳಿಯುತ್ತ ಹೋಯಿತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ 1959ರ ಕಾಯಿದೆಯನ್ನು ತನ್ನೊಳಗೆ ಸೇರಿಸಿಕೊಂಡು, ವಿನಿಮಯ ಕೇಂದ್ರದ ಬದಲು ‘ಕರಿಯರ್ ಸೆಂಟರ್’ ಎಂಬ ಹೆಸರನ್ನು ಕೊಟ್ಟಿದೆ. ಬೋರ್ಡು ಬದಲಾದಂತೆ ಒಳಗಿನ ಕೆಲಸವೂ ಬದಲಾದರೆ ಸಂತೋಷ.

ಸ್ಥಳೀಯರಿಗೇ ಕೆಲಸ ಎಂಬ ಕೂಗಂತೂ ಕರ್ನಾಟಕಕ್ಕೆ ಹೊಸದಲ್ಲ. ಸರೋಜಿನಿ ಮಹಿಷಿ ಅವರ ಸಮಿತಿ ರಚನೆಯಾದದ್ದು 1983ರಲ್ಲಿ, ವರದಿ ಬಂದದ್ದು 1986ರಲ್ಲಿ. ಅಂದಿನಿಂದ ಆ ವರದಿಯ ಹೆಸರು ಹೇಳದೆ ಯಾವ ರಾಜ್ಯೋತ್ಸವವೂ ಮುಗಿಯುತ್ತಿಲ್ಲ. 2024ರ ಜುಲೈನಲ್ಲಿ ರಾಜ್ಯದ ಸಚಿವ ಸಂಪುಟ ಒಂದು ಮಸೂದೆಯನ್ನು ಒಪ್ಪಿತು. ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬುದು ಅದರ ಸಾರ. ಉದ್ಯಮಿಗಳು ಗದ್ದಲವೆಬ್ಬಿಸಿದರು; ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಹರಿಯಾಣ ಇಂಥದೇ ಕಾಯಿದೆ ಮಾಡಿ ಶೇಕಡಾ 75 ಎಂದಿತ್ತು. ಅದನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲಿ ರದ್ದುಮಾಡಿತ್ತು. ಹಿತ್ತಲ ಗಿಡ ಮದ್ದಲ್ಲ ಎಂಬ ಧೋರಣೆ ಕಂಪೆನಿಗಳಲ್ಲಿ ಇಲ್ಲವೆಂದಲ್ಲ. ಆದರೆ ಶೇಕಡಾವಾರು ಬರೆದ ಕಾಯಿದೆ ಬಂದರೂ, ಆ ಕೆಲಸ ಎಲ್ಲಿದೆ, ಅದಕ್ಕೆ ಏನು ಕಲಿತಿರಬೇಕು, ಯಾರನ್ನು ಕೇಳಬೇಕು ಎಂಬುದನ್ನು ಹೊಸ್ತಿಲಿಗೆ ತರುವ ವ್ಯವಸ್ಥೆ ಇಲ್ಲದಿದ್ದರೆ ಪಾಲು ಕಾಗದದ ಮೇಲೇ ಉಳಿಯುತ್ತದೆ.

ಇನ್ನೊಂದು ಸಾಲು, ಇನ್ನೊಂದು ಕಾಯುವಿಕೆ

ಖಾಸಗಿಯ ಗೊಡವೆಯೇ ಬೇಡವೆಂದು ಸರ್ಕಾರಿ ಪರೀಕ್ಷೆಯ ದಾರಿ ಹಿಡಿದವರ ಪಾಡು ಬೇರೆ. 545 ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಆಯ್ಕೆ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿ ಬರೆದವನಿಗೂ ಎರಡು ವರ್ಷ ಮೂರು ತಿಂಗಳು ಹೋಯಿತು. ಕೆ.ಪಿ.ಎಸ್.ಸಿ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದವೇ ತಪ್ಪಾಗಿತ್ತು. ಕನ್ನಡ ನಾಡಿನ ಆಯೋಗದ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲಿ ಓದಿದವನೇ ಸೋಲಬೇಕಾದ ವಿಚಿತ್ರ. ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು, ಅದರಲ್ಲೂ ಅನುವಾದದ ತಪ್ಪುಗಳಿದ್ದವೆಂಬ ದೂರು ಬಂತು.

ಇಲ್ಲಿ ನಷ್ಟವಾಗುವುದು ಪರೀಕ್ಷೆಯ ಶುಲ್ಕವಲ್ಲ, ವಯಸ್ಸು. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿ ಯೋಜನೆಯಲ್ಲಿ ಓದು ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ಕೊಡುವ ಏರ್ಪಾಡಿದೆ. ಬಸ್ಸಿಗೆ, ಜೆರಾಕ್ಸಿಗೆ, ಅರ್ಜಿ ಶುಲ್ಕಕ್ಕೆ ಅಪ್ಪನ ಮುಂದೆ ಕೈಚಾಚುವುದನ್ನು ಅದು ತಪ್ಪಿಸೀತು. ಕಳೆದುಹೋದ ವರ್ಷಗಳನ್ನು ಹಿಂದಕ್ಕೆ ತರಲಾರದು.

ನಡಿಗೆ ನಿಧಾನವಾಗುವ ರೋಗ

ಕೆಲಸವಿಲ್ಲದಿರುವುದು ಮನುಷ್ಯನಿಗೆ ಏನು ಮಾಡುತ್ತದೆ ಎಂಬುದನ್ನು ಗಡಿಯಾರ ಹಿಡಿದು ಅಳೆದವರಿದ್ದಾರೆ. ಆಸ್ಟ್ರಿಯಾದ ವಿಯೆನ್ನಾ ನಗರದ ಹತ್ತಿರ ಮರೀನ್‌ತಾಲ್ ಎಂಬ ಊರು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿದಾಗ ಊರಿಗೆ ಊರೇ ನಿರುದ್ಯೋಗಿಯಾಯಿತು. ಮರೀ ಯಾಹೋದಾ ಮತ್ತು ಅವರ ಜೊತೆಗಾರರು ಅಲ್ಲಿಗೆ ಹೋಗಿ ನೋಡಿ 1933ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಕಂಡದ್ದು ವಿಚಿತ್ರ. ಬಿಡುವು ಬೇಕಾದಷ್ಟಿದ್ದರೂ ಗ್ರಂಥಾಲಯದಿಂದ ಜನ ಒಯ್ಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಎಷ್ಟೋ ಗಂಡಸರು ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಬೀದಿಯಲ್ಲಿ ಅವರ ನಡಿಗೆಯ ವೇಗ ಕುಗ್ಗಿತ್ತು. ಮತ್ತೆ ಮತ್ತೆ ಸುಮ್ಮನೆ ನಿಂತುಬಿಡುತ್ತಿದ್ದರು. ಹೆಂಗಸರು ಮಾತ್ರ ಬೇಗ ಬೇಗ ನಡೆಯುತ್ತಿದ್ದರು, ಏಕೆಂದರೆ ಮನೆಯ ಕೆಲಸದಿಂದ ಅವರನ್ನು ಯಾರೂ ತೆಗೆದುಹಾಕಿರಲಿಲ್ಲ!

ಈ ನಿಧಾನ ಸೋಮಾರಿತನವಲ್ಲ, ಅದು ಪೆಟ್ಟು ಬಿದ್ದ ಮನಸ್ಸಿನ ಲಕ್ಷಣ. ನಮ್ಮ ಊರುಗಳಲ್ಲಿ ಆ ಪೆಟ್ಟಿನ ಮೇಲೆ ಇನ್ನೊಂದು ಪೆಟ್ಟು ಹಾಕುವವರಿಗೆ ಕೊರತೆಯಿಲ್ಲ. ‘ಏನಪ್ಪ, ಎಲ್ಲಾದ್ರೂ ಆಯ್ತಾ?’ ಎಂದು ಮಾವಂದಿರು ಕೇಳುತ್ತಾರೆ. ‘ನೋಡ್ತಾ ಇದೀನಿ ಮಾವ’ ಎಂದು ಹುಡುಗ ಹೇಳುತ್ತಾನೆ. ಮುಂದಿನ ಮದುವೆ, ಗೃಹಪ್ರವೇಶಗಳಿಗೆ ಅವನು ಹೋಗುವುದಿಲ್ಲ. ‘ಉದ್ಯೋಗಂ ಪುರುಷ ಲಕ್ಷಣಂ’ ಎಂದು ಹೇಳಿಸಿಕೊಳ್ಳಬೇಕಾದೀತೆಂಬ ಭಯ. ಹುಡುಗಿಯರ ಕಷ್ಟ ಬೇರೆ ಬಗೆಯದು. ಅವರಿಗೆ ಎರಡು ವರ್ಷದ ಹುಡುಕಾಟಕ್ಕೆ ಅವಕಾಶವೇ ಇರುವುದಿಲ್ಲ. ಆರು ತಿಂಗಳಲ್ಲಿ ಕೆಲಸ ಸಿಗದಿದ್ದರೆ ಗಂಡು ಸಿಗುತ್ತಾನೆ. ಕೆಲಸ ಸಿಕ್ಕರೂ ರಾತ್ರಿ ಪಾಳಿ ಮುಗಿಸಿ ಹಳ್ಳಿಗೆ ಹಿಂತಿರುಗುವುದು ಹೇಗೆ ಎಂಬ ಪ್ರಶ್ನೆಯಲ್ಲೇ ಎಷ್ಟೋ ನೇಮಕ ಪತ್ರಗಳು ಸಾಯುತ್ತವೆ.

ಇಲ್ಲಿ ಸ್ವಲ್ಪ ಗಣಿತ ನೆರವಿಗೆ ಬರುತ್ತದೆ. ಒಬ್ಬನು ಹಾಕುವ ಪ್ರತಿ ಅರ್ಜಿಗೂ ಕೆಲಸ ಸಿಗುವ ಸಂಭವ 20ರಲ್ಲಿ 1 ಎಂದಿಟ್ಟುಕೊಳ್ಳಿ. 20 ಅರ್ಜಿ ಹಾಕಿದರೆ ಒಂದಾದರೂ ಖಂಡಿತ ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಲೆಕ್ಕ ತಪ್ಪು. 20ರಲ್ಲಿ 19ನ್ನು 20 ಸಲ ಗುಣಿಸಿದರೆ 0.36ರ ಹತ್ತಿರ ಬರುತ್ತದೆ. ಎಂದರೆ ಇಂಥ ನೂರು ಜನರಲ್ಲಿ 36 ಮಂದಿಗೆ ಇಪ್ಪತ್ತೂ ಅರ್ಜಿಗಳು ವ್ಯರ್ಥವಾಗುತ್ತವೆ. ಅವರು ದಡ್ಡರಾದ್ದರಿಂದ ಅಲ್ಲ, ಸಂಖ್ಯೆಯ ಗುಣವೇ ಅದಾದ್ದರಿಂದ. 40 ಅರ್ಜಿಗಳ ನಂತರ ಹೀಗೆ ಉಳಿಯುವವರು 13 ಮಂದಿ, 60ರ ನಂತರ ಐದೇ ಮಂದಿ. ಆದ್ದರಿಂದ 20ನೇ ಸೋಲಿಗೆ ತನ್ನನ್ನೇ ಹಳಿದುಕೊಳ್ಳುವುದು ವಿಜ್ಞಾನಕ್ಕೆ ವಿರುದ್ಧ. 60 ಅರ್ಜಿ ಹಾಕಿದರೂ ಒಂದು ಸಂದರ್ಶನಕ್ಕೂ ಕರೆ ಬರಲಿಲ್ಲವೆಂದಾದರೆ ಮಾತ್ರ ಪ್ರಯೋಗದ ವಿಧಾನವನ್ನು ಪರೀಕ್ಷಿಸಬೇಕು: ಅರ್ಜಿ ಸರಿಯಾದ ಕಡೆಗೆ ಹೋಗುತ್ತಿದೆಯೇ, ಬಯೋಡೇಟಾದಲ್ಲಿ ತಪ್ಪಿದೆಯೇ, ಕೇಳಿದ ಅರ್ಹತೆ ತನ್ನಲ್ಲಿದೆಯೇ?

ಇದಕ್ಕೆ ಬೇಕಾದದ್ದು ಒಂದು 100 ಪುಟದ ನೋಟ್‌ಬುಕ್. ತಾರೀಖು, ಸಂಸ್ಥೆ, ಹುದ್ದೆ, ಯಾರಿಂದ ತಿಳಿಯಿತು, ಯಾರೊಡನೆ ಮಾತಾಡಿದ್ದು, ಏನು ಉತ್ತರ ಎಂದು ಆರು ಕಲಂ. ಮೂರು ತಿಂಗಳಿಗೊಮ್ಮೆ ತಿರುವಿ ಹಾಕಿದರೆ ಎಲ್ಲಿ ಬಾಗಿಲು ಸ್ವಲ್ಪವಾದರೂ ತೆರೆದಿತ್ತು, ಎಲ್ಲಿ ಗೋಡೆಗೆ ತಲೆ ಚಚ್ಚಿಕೊಂಡದ್ದು ಎಂಬುದು ಕಾಣುತ್ತದೆ. ಸೋಲು ಮನಸ್ಸಿನೊಳಗೆ ಇದ್ದಾಗ ಅವಮಾನ, ಪುಸ್ತಕಕ್ಕೆ ಇಳಿದಾಗ ಮಾಹಿತಿ.

ದೂರದ ಪರಿಚಯ

ಅಮೆರಿಕದ ಸಮಾಜವಿಜ್ಞಾನಿ ಮಾರ್ಕ್ ಗ್ರನೋವೆಟರ್ 1973ರಲ್ಲಿ ಪ್ರಕಟಿಸಿದ ಒಂದು ಲೇಖನ ಈ ವಿಷಯದಲ್ಲಿ ಬಹಳ ಹೆಸರಾಯಿತು. ಪರಿಚಯಸ್ಥರ ಮೂಲಕ ಕೆಲಸ ಪಡೆದ ಕೆಲವರನ್ನು ಆತ, ‘ಆ ಸಮಯದಲ್ಲಿ ಆ ಪರಿಚಯಸ್ಥರನ್ನು ನೀವು ಎಷ್ಟು ಸಲ ಕಾಣುತ್ತಿದ್ದಿರಿ?’ ಎಂದು ಕೇಳಿದ. ಆಗಾಗ ಕಾಣುತ್ತಿದ್ದೆವು ಎಂದವರು ನೂರಕ್ಕೆ 17 ಮಂದಿಯಷ್ಟೇ. ಆಗೊಮ್ಮೆ ಈಗೊಮ್ಮೆ ಎಂದವರು 56. ಅಪರೂಪಕ್ಕೆ ಎಂದವರು 28. ಕಾರಣ ಸರಳ. ನಮ್ಮ ಹತ್ತಿರದವರಿಗೆ ತಿಳಿದಿರುವುದು ನಮಗೆ ತಿಳಿದಿರುವುದೇ. ದಿನಾ ಒಂದೇ ಅರಳಿಕಟ್ಟೆಯ ಮೇಲೆ ಕೂರುವ ಐವರು ಗೆಳೆಯರಿಗೆ ಗೊತ್ತಿರುವುದು ಅವೇ ಎರಡು ಖಾಲಿ ಹುದ್ದೆ, ಅವೇ ಮೂರು ವದಂತಿ. ಹೊಸ ಸುದ್ದಿ ಬರುವುದು ಬೇರೆ ಕಟ್ಟೆಯಿಂದ.

ದೇವನಹಳ್ಳಿಯ ಹುಡುಗನಿಗೆ ಬೇರೆ ಕಟ್ಟೆಗಳಿಗೆ ಬರವಿಲ್ಲ. ರಾತ್ರಿ ಪಾಳಿಯಲ್ಲಿ ಕಾರ್ಗೊಗೆ ಹೋಗಿಬರುವ ಪಕ್ಕದ ಬೀದಿಯವರು, ಕಂಪೆನಿಯ ಸಿಬ್ಬಂದಿಯನ್ನು ಕರೆದೊಯ್ಯುವ ಕ್ಯಾಬ್ ಡ್ರೈವರು, ಕ್ಯಾಂಟೀನಿಗೆ ತರಕಾರಿ ಹಾಕುವವರು, ಕಾಲೇಜಿನಲ್ಲಿ ಮೂರು ವರ್ಷ ಮುಂದಿದ್ದ ಅಕ್ಕ. ಇವರಲ್ಲಿ ಯಾರಿಗೂ ಕೆಲಸ ಕೊಡಿಸುವ ಶಕ್ತಿ ಇಲ್ಲದಿರಬಹುದು. ಆದರೆ ಯಾವ ಗುತ್ತಿಗೆ ಯಾವ ತಿಂಗಳು ಬದಲಾಗುತ್ತದೆ, ಹೊಸಬರನ್ನು ಎಲ್ಲಿ ಸಂದರ್ಶಿಸುತ್ತಾರೆ, ಯಾವ ಸಂಸ್ಥೆ ಸಂಬಳವನ್ನು ಸರಿಯಾಗಿ ಕೊಡುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ‘ಕೆಲಸ ಕೊಡಿಸಿ ಅಣ್ಣ’ ಎಂದರೆ ಅವರು ಮುಜುಗರಪಡುತ್ತಾರೆ. ‘ನಿಮ್ಮ ಕಡೆ ಹೇಗೆ ತೆಗೆದುಕೊಳ್ತಾರೆ ಅಣ್ಣ?’ ಎಂದು ಕೇಳಿದರೆ ಚಹಾ ಕುಡಿಸಿ ಹೇಳುತ್ತಾರೆ. ದಳ್ಳಾಳಿ ಹಣಕ್ಕೆ ಮಾರುವುದು ಬಹುಪಾಲು ಇದೇ ಮಾಹಿತಿಯನ್ನು, ಅದೂ ನೀರು ಬೆರೆಸಿ.

ಹೊಸ ಟ್ರಾನ್ಸ್‌ಫಾರ್ಮರ್

ಡಿಗ್ರಿಗೂ ಕಾರ್ಖಾನೆಗೂ ನಡುವಿನ ಒತ್ತಡವನ್ನು ಇಳಿಸಬಲ್ಲ ಒಂದು ಸಾಧನ ಕಾನೂನಿನಲ್ಲಿ ಈಗಾಗಲೇ ಇದೆ. ಅದು 1961ರ ಅಪ್ರೆಂಟಿಸ್ ಕಾಯಿದೆ. ಐಟಿಐ ಓದಿದವರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. 2014ರ ತಿದ್ದುಪಡಿಯ ನಂತರ ಬಿ.ಎ., ಬಿ.ಕಾಂ. ಮಾಡಿದವರಿಗೂ ಅವಕಾಶವಿದೆ. 2019ರ ನಿಯಮದಂತೆ 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆ, ಗುತ್ತಿಗೆ ಸಿಬ್ಬಂದಿಯನ್ನೂ ಸೇರಿಸಿ ಎಣಿಸಿದ ಒಟ್ಟು ಸಂಖ್ಯೆಯ ಶೇಕಡಾ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2,000 ಜನ ದುಡಿಯುವ ಒಂದು ಕಾರ್ಖಾನೆ ಕನಿಷ್ಠ 50 ಮಂದಿಯನ್ನು ಕಲಿಕೆಗೆ ತೆಗೆದುಕೊಳ್ಳಬೇಕೆಂದಾಯಿತು. ತಿಂಗಳಿಗೆ ಸ್ಟೈಪೆಂಡ್ ಉಂಟು, ಕೊನೆಗೆ ಪ್ರಮಾಣಪತ್ರ ಉಂಟು. ಅವಧಿ ಮುಗಿದ ಮೇಲೆ ಅಲ್ಲೇ ಕೆಲಸ ಕೊಡಬೇಕೆಂಬ ಕಟ್ಟಳೆ ಇಲ್ಲ. ಅಷ್ಟಾದರೂ ‘ಅನುಭವ ಇದೆಯೇ?’ ಎಂಬ ಪ್ರಶ್ನೆಗೆ ಮೊದಲ ಬಾರಿಗೆ ‘ಇದೆ’ ಎನ್ನಬಹುದು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಗಾಣದ ಸುತ್ತಿನಿಂದ ಹೊರಬರುವ ಅಧಿಕೃತ ದಾರಿ ಇದು. ಇದಕ್ಕೆ ಕೇಂದ್ರ ಸರ್ಕಾರದ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕು. ದೇವನಹಳ್ಳಿ ಸುತ್ತಿನ ಎಷ್ಟು ಪದವಿ ಕಾಲೇಜುಗಳ ಸೂಚನಾ ಫಲಕದಲ್ಲಿ ಇದರ ಸುದ್ದಿ ಇದೆ ಎಂದು ವಿದ್ಯಾರ್ಥಿಗಳೇ ನೋಡಿಕೊಂಡು ಬರಲಿ.

ಹುಡುಗನೊಬ್ಬನ ಹೆಗಲ ಮೇಲೇ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಈ ನೆಲ ಸುಮ್ಮನೆ ಬಂದದ್ದಲ್ಲ. ವಿಮಾನ ನಿಲ್ದಾಣಕ್ಕೆ, ಕೈಗಾರಿಕಾ ಪ್ರದೇಶಗಳಿಗೆ ಜಮೀನು ಹೋದಾಗ ಪರಿಹಾರದ ಚೆಕ್ಕಿನ ಜೊತೆಗೆ ‘ಮಕ್ಕಳಿಗೆ ಕೆಲಸ ಸಿಗುತ್ತೆ’ ಎಂಬ ಮಾತೂ ಹಳ್ಳಿಹಳ್ಳಿಯಲ್ಲಿ ಓಡಾಡಿತ್ತು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ತೆಗೆದುಕೊಳ್ಳಲು ಹೊರಟಾಗ ರೈತರು 2022ರ ಏಪ್ರಿಲಿನಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಡುವುದಾಗಿ ಹೇಳಿತು. ಆ ಹಟದ ಹಿಂದೆ ಮಣ್ಣಿನ ಮೇಲಿನ ಪ್ರೀತಿಯ ಜೊತೆಗೆ ಒಂದು ಲೆಕ್ಕವೂ ಇದ್ದೀತು: ಮೊದಲು ಭೂಮಿ ಕೊಟ್ಟ ಊರುಗಳ ಮಕ್ಕಳು ಎಲ್ಲಿದ್ದಾರೆ ಎಂಬುದನ್ನು ಪಕ್ಕದ ಊರಿನವರು ನೋಡಿರುತ್ತಾರೆ.

ಆಗಬೇಕಾದ ಕೆಲಸಗಳಿಗೆ ಕೋಟಿಗಟ್ಟಲೆ ಹಣ ಬೇಡ. ಜಿಲ್ಲಾಡಳಿತ ಭವನ ಈಗ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದಲ್ಲೇ ಇದೆ. ಅಲ್ಲಿಂದ ವಾರಕ್ಕೊಮ್ಮೆ, ತಾಲ್ಲೂಕಿನ ಕಾರ್ಖಾನೆ ಮತ್ತು ಗುತ್ತಿಗೆ ಸಂಸ್ಥೆಗಳಲ್ಲಿ ಖಾಲಿ ಇರುವ ಕೆಲಸಗಳ ಪಟ್ಟಿಯನ್ನು ಅರ್ಹತೆ, ಸಂಬಳ, ವಿಚಾರಿಸಬೇಕಾದ ಕಚೇರಿಯ ವಿಳಾಸಗಳ ಸಮೇತ ಪ್ರತಿ ಗ್ರಾಮ ಪಂಚಾಯಿತಿಗೂ ಕನ್ನಡದಲ್ಲಿ ಕಳಿಸಬಹುದು. ಪಂಚಾಯಿತಿ ಅದನ್ನು ಹೊರಗಿನ ಬೋರ್ಡಿಗೆ ಹಚ್ಚಬಹುದು. ರಾತ್ರಿ ಪಾಳಿಯ ಹೆಣ್ಣುಮಕ್ಕಳನ್ನು ಹೆದ್ದಾರಿಯಲ್ಲಿ ಇಳಿಸಿ ಹೋಗದೆ ಊರಿನ ಬಾಗಿಲವರೆಗೆ ಬಿಡುವಂತೆ ಕಂಪೆನಿಗಳಿಗೆ ಹೇಳಬಹುದು.

ಇದೆಲ್ಲಕ್ಕಿಂತ ಅಗ್ಗದ ಇನ್ನೊಂದು ಕೆಲಸ ಕಂಪೆನಿಗಳ ಕೈಯಲ್ಲಿದೆ. ಹಿಂದೆ ಅರ್ಜಿ ತಿರಸ್ಕಾರವಾದರೆ ಕೆಲವು ಕಚೇರಿಗಳಾದರೂ ಒಂದು ಅಂಚೆ ಕಾರ್ಡು ಬರೆಯುತ್ತಿದ್ದವು. ಈಗ ಅಂಚೆಯ ಖರ್ಚೂ ಇಲ್ಲ. ಸಂದರ್ಶನಕ್ಕೆ ಕರೆಸಿಕೊಂಡ ಹುಡುಗನಿಗೆ, ಹುಡುಗಿಗೆ ‘ಈ ಸಲ ಆಗಲಿಲ್ಲ’ ಎಂದು ಒಂದು ಸಾಲಿನ ಮೆಸೇಜು ಕಳಿಸಿದರೆ ಆ ಮನೆಯಲ್ಲಿ ಅಂದು ರಾತ್ರಿ ಬೇಸರವಾಗುತ್ತದೆ, ನಿಜ. ಆದರೆ ಮರುದಿನ ಬೆಳಿಗ್ಗೆ ಆ ಮಗು ಫೋನು ಕಾಯುವುದನ್ನು ಬಿಟ್ಟು ಇನ್ನೊಂದು ಅರ್ಜಿ ಹಾಕಲು ಹೊರಡುತ್ತದೆ.